ಕೊನೆಗೆ ಉಳಿದ ದಿಬ್ಬ

"ಈ ದಿಬ್ಬ ಇನ್ನೂ ಇಲ್ಲೇ ಇದೆಯಲ್ಲಾ, ಜಗದೀಶ್?"

"ನಾಳೆ ತೆಗೀತೀನಿ ಮೇಡಂ."

"ನಿಮ್ಮ ನಾಳೆ ಯಾವ ಕ್ಯಾಲೆಂಡರ್‌ನಲ್ಲಿ ಬರುತ್ತೆ?"

"ಒಂಟಿಕೊಪ್ಪಲ್ ಪಂಚಾಂಗದಲ್ಲಿ. ಇವತ್ತು ಮಣ್ಣು ಅಗೆಯೋಕೆ ದಿನ ಚೆನ್ನಾಗಿಲ್ಲ."

ಸನ್ನಿಧಿ ನಗಲಿಲ್ಲ. ಅಮೆರಿಕದ ಸಮರ್‌ಸೆಟ್‌ನ ಆ ಹಳೆಯ ಬೇಸ್‌ಬಾಲ್ ಪಾರ್ಕು ಜೂನ್ ಒಳಗೆ ಕ್ರಿಕೆಟ್ ಮೈದಾನವಾಗಬೇಕಿತ್ತು. ಅವಳು ಅಲ್ಲಿಯ ಇಂಜಿನಿಯರ್. ಅವನು ಪಿಚ್ ಮಾಡಲು ಮೈಸೂರಿನಿಂದ ಬಂದವನು. ಬೇಲಿ ಕಿತ್ತಾಗಿತ್ತು. ನಟ್ಟನಡುವೆ, ಚೆಂಡೆಸೆಯುವವನು ನಿಲ್ಲುತ್ತಿದ್ದ ಮಣ್ಣಿನ ದಿಬ್ಬವೊಂದೇ ಉಳಿದಿತ್ತು.

ಮೂರು ವರ್ಷದ ಹಿಂದೆ ಒಂದು ಭಾನುವಾರ ಅವಳ ಗಂಡ ಕ್ರಿಷ್, ಚೆಂಡು ಹಿಡಿದು ಆ ದಿಬ್ಬದ ಮೇಲೆ ನಿಂತವನು, ಹಾಗೇ ಕುಸಿದಿದ್ದ. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ಅದನ್ನು ಇಲ್ಲಿ ಯಾರಿಗೂ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಅಲ್ಲಿ ಒಂದು ಗಳಿಗೆ ನಿಲ್ಲುವಳು, ಅಷ್ಟೆ.

ಆಮೇಲೆ ನೆಲದ ಮಟ್ಟ ನೋಡುವ ಕೆಲಸ. ಜಗದೀಶ ದೂರದಲ್ಲಿ ಅಳತೆಕೋಲು ಹಿಡಿಯುವನು. ಲೆವೆಲ್ ಯಂತ್ರಕ್ಕೆ ಕಣ್ಣಿಟ್ಟರೆ ಅಂಕಿಗಳ ಪಕ್ಕದಲ್ಲೇ ಅವನ ಮುಖ, ತುಟಿಯ ಮೇಲೆ ಯಾವುದೋ ಗಮಕದ ಪದ್ಯ.

"ಕೋಲು ಅಲ್ಲಾಡಿಸ್ಬೇಡಿ!"

"ಅಲ್ಲಾಡ್ತಿರೋದು ಕೋಲಲ್ಲ ಮೇಡಂ."

ಅವಳ ಕಿವಿ ಬಿಸಿಯಾಗುವುದು. ಗಂಡ ಬಿದ್ದ ನೆಲದಲ್ಲಿ ನಿಂತು ನಗು ಬಂತಲ್ಲ ಎಂದು ಮರುಕ್ಷಣವೇ ತನ್ನ ಮೇಲೆ ಸಿಟ್ಟು. ಆ ದಿಬ್ಬ ಕಣ್ಣಿಂದ ಮರೆಯಾದರೆ ಸಾಕಾಗಿತ್ತು. ಅದೇ ಸಿಟ್ಟಿನಲ್ಲಿ ಕಂಟ್ರಾಕ್ಟರ್‌ಗೆ ಮೇಲ್ ಬರೆದಳು: ಜಗದೀಶ್ ಬೇಕೆಂದೇ ತಡ ಮಾಡುತ್ತಿದ್ದಾರೆ.

ಶುಕ್ರವಾರ ಅವನ ಕೆಲಸ ಹೋಯಿತು. ಅದರ ಜೊತೆಗೆ ವೀಸಾ.

ಮಣ್ಣು ತೆಗೆಯುವ ಮಷೀನಿನ ಟೋನಿ, ಒಂದು ಕಾಲದಲ್ಲಿ ಕ್ರಿಷ್‌ನ ಟೀಮಿನಲ್ಲೇ ಆಡಿದವನು, ಸೋಮವಾರ ಬೆಳಿಗ್ಗೆ ಅವಳಿಗೆ ಹೇಳಿದ: "ಕ್ರಿಷ್ ವಿಷಯ ಜಗದೀಶನಿಗೆ ನಾನೇ ಹೇಳಿದ್ದೆ. ನೀವು ಸಾಕು ಅನ್ನೋವರೆಗೂ ಇದನ್ನ ಮುಟ್ಟಬಾರದು ಅಂತ ಎರಡು ಸಲ ನನ್ನ ಮಷೀನಿಗೆ ಅಡ್ಡ ನಿಂತ."

ಜಗದೀಶ ಸೂಟ್‌ಕೇಸ್ ಹಿಡಿದು ಗೇಟಿನ ಬಳಿ ನಿಂತಿದ್ದ.

"ಒಂದು ಮಾತು ಹೇಳ್ಬಾರದಿತ್ತಾ?" ಅವಳು ಅವನೆದುರು ಹೋಗಿ ನಿಂತಳು.

"ಏನಂತ ಹೇಳ್ಲಿ? ದಿಬ್ಬ ಬಿಟ್ಟಿದ್ದು ಅರ್ಧ ನಿಮಗೋಸ್ಕರ. ಇನ್ನರ್ಧ ನನ್ನ ಸ್ವಾರ್ಥ. ಆ ದಿಬ್ಬ ಹೋದ್ಮೇಲೆ ನೀವು ಬೆಳಿಗ್ಗೆ ಅಷ್ಟು ಬೇಗ ಯಾಕೆ ಬರ್ತೀರಿ?"

ಅವಳು ಗುದ್ದಲಿ ತಂದಳು. ಅಗೆಯುವ ಮೊದಲು ಅವನು ದಿನಾ ಮಾಡುತ್ತಿದ್ದಂತೆ ಬಗ್ಗಿ, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮೊದಲ ಏಟು ಅವಳದು. ಉಳಿದದ್ದನ್ನು ಟೋನಿಯ ಮಷೀನು ಹತ್ತು ನಿಮಿಷದಲ್ಲಿ ಮುಗಿಸಿತು. ಅಷ್ಟೇ ಇತ್ತು ಅದು.

"ಕೋಲು ಹಿಡೀತೀರಾ? ಕೊನೇ ಸಲ."

ಅವನು ದಿಬ್ಬವಿದ್ದ ಜಾಗದಲ್ಲಿ ನಿಂತ. ಅವಳು ಯಂತ್ರಕ್ಕೆ ಕಣ್ಣಿಟ್ಟಳು. ಪದ್ಯವಿರಲಿಲ್ಲ, ಅವನ ತುಟಿ ಬಿಗಿದಿತ್ತು. ಅವನನ್ನು ಏರ್‌ಪೋರ್ಟಿಗೆ ಬಿಡಬೇಕಿದ್ದ ಟೋನಿ ಟ್ರಕ್ಕಿನಿಂದ ಹಾರ್ನ್ ಒತ್ತಿದ.

"ಮಟ್ಟ ಸರಿ ಬಂತಾ, ಮೇಡಂ?"

"ಇಲ್ಲ. ಮೇಡಂ ಅನ್ಬೇಡಿ. ಅಲ್ಲೇ ಇರಿ."

"ಈಗ, ಸನ್ನಿಧಿ?"

"ಇನ್ನೂ ಇಲ್ಲ."

ಅಳತೆ ಮೊದಲ ಸಲಕ್ಕೇ ಸರಿಯಾಗಿತ್ತು. ಹಾರ್ನ್ ಮತ್ತೆ ಕೂಗಿತು. ಅವಳು ಯಂತ್ರದಿಂದ ಕಣ್ಣು ತೆಗೆಯಲಿಲ್ಲ.