ಈಶ್ವರಿ ಬಳ್ಳಿಯ ಹುಳಗಳನ್ನು ಕೊಂದವರು ಯಾರು?

ನಾಗರಪಂಚಮಿಯ ಮರುದಿನ ಬೆಳಿಗ್ಗೆ ಕೊಡಿಗೇಹಳ್ಳಿ ತೋಪಿನ ನಾಗರಕಟ್ಟೆಯ ಮೇಲೆ ಹುಳಗಳು ಸತ್ತು ಬಿದ್ದಿದ್ದವು. ಕಲ್ಲುಗಳ ಮೇಲೆ ಹಬ್ಬಿದ್ದ ಈಶ್ವರಿ ಬಳ್ಳಿಯಲ್ಲಿ ಒಂದೂ ಜೀವಂತ ಉಳಿದಿರಲಿಲ್ಲ.

ಕರಿ ರೆಕ್ಕೆ, ಕೆಂಪು ಮೈಯ ಗುಲಾಬಿ ಚಿಟ್ಟೆಯ ಮರಿಗಳವು. ಈ ಬಳ್ಳಿ ಬಿಟ್ಟು ಬೇರೇನೂ ತಿನ್ನುವುದಿಲ್ಲ. ಏರ್‌ಪೋರ್ಟ್ ಬಂದ ಮೇಲೆ ಸುತ್ತ ಲೇಔಟುಗಳೆದ್ದು, ಬಳ್ಳಿ ಉಳಿದದ್ದು ಇಲ್ಲೊಂದೇ ಕಡೆ. ಸೋಮವಾರ ಅರಣ್ಯ ಇಲಾಖೆಯವರು ಬಂದು ಹುಳಗಳನ್ನು ಕಣ್ಣಾರೆ ಕಂಡರೆ ತೋಪು ಉಳಿಯುತ್ತಿತ್ತು. ಇಲ್ಲವಾದರೆ ತೋಪಿನ ನಡುವೆಯೇ ರಸ್ತೆ! ತೋಪು ಉಳಿಸಲು ಕಚೇರಿ ಕಚೇರಿ ಅಲೆದಿದ್ದ ಪದ್ಮಶ್ರೀ ಟೀಚರ್ ಕಟ್ಟೆಯ ಮೇಲೆ ಕುಸಿದು ಕೂತಿದ್ದರು. ಪಕ್ಕದಲ್ಲಿ ಅವರ ಅತ್ತೆ ವರಲಕ್ಷ್ಮಮ್ಮ.

ನಮ್ಮ ಬೀದಿಯ ನಿವೃತ್ತ ಇನ್ಸ್‌ಪೆಕ್ಟರ್ ವೆಂಕಟಸ್ವಾಮಿ ಬಂದರು, ಹಿಂದೆ ನಾನು. ನನಗೆ ಬಿಲ್ಡರ್ ಸತೀಶನ ಮೇಲೆ ಅನುಮಾನ — ಅನುಮಾನ ಅನ್ನುವುದಕ್ಕಿಂತ ಆಸೆ ಅನ್ನಿ. ರಸ್ತೆಯಾದರೆ ಅವನ ಸೈಟುಗಳಿಗೆ ಬಂಗಾರದ ಬೆಲೆ.

ವೆಂಕಟಸ್ವಾಮಿ ಅವನನ್ನು ಕರೆಸಿದರು. "ನಿನ್ನೆ ಇಲ್ಲಿಗೆ ಬಂದಿದ್ಯೇನಪ್ಪಾ?"

"ಹಬ್ಬ ಸಾರ್, ಊರೆಲ್ಲ ಬಂದಿತ್ತು. ನಂಗೆ ರಸ್ತೆ ಬೇಕು, ನಿಜ. ಹಂಗಂತ ನಾಗಪ್ಪನ ಕಟ್ಟೇಲಿ ವಿಷ ಹಾಕ್ತೀನಾ? ನಮ್ಮನೆ ದೇವ್ರು ಸಾರ್!"

"ಕಳ್ಳನಿಗೊಂದು ಪಿಳ್ಳೆ ನೆವ," ಎಂದು ನಾನು ಗೊಣಗಿದೆ.

ವೆಂಕಟಸ್ವಾಮಿ ಕಲ್ಲಿನ ಮುಂದಿದ್ದ ಬಾಳೆಲೆಯನ್ನೇ ನೋಡುತ್ತಿದ್ದರು. "ಇದೇನ್ರೀ?"

"ಚಿಗಳಿ, ತಂಬಿಟ್ಟು. ನಿನ್ನೆ ನೈವೇದ್ಯ," ಎಂದೆ.

"ಬೆಲ್ಲದ್ದು. ರಾತ್ರಿಯೆಲ್ಲ ಇಲ್ಲೇ ಇದೆ. ಒಂದಾದ್ರೂ ಇರುವೆ ಇದ್ಯಾ?"

ಇರಲಿಲ್ಲ.

ರಂಗೋಲಿ ಎಂದುಕೊಂಡು ನಾವೆಲ್ಲ ದಾಟಿ ಬಂದಿದ್ದ ಬಿಳಿ ಪುಡಿಯನ್ನು ಅವರು ಕಡ್ಡಿಯಿಂದ ಕೆದಕಿ ಮೂಸಿದರು.

"ಇರುವೆ ಪುಡಿ. ಬಳ್ಳಿ ಎಲೆ ಮೇಲೂ ಉದುರಿಸಿದ್ದಾರೆ. ಹುಳ ಕೊಲ್ಲೋಕೇ ಬಂದೋನು ಕಟ್ಟೆ ಸುತ್ತ ಇಷ್ಟು ಒಪ್ಪವಾಗಿ ಗೆರೆ ಎಳೀತಾನಾ? ಇದು ಹಬ್ಬಕ್ಕೆ ಕಟ್ಟೆ ತೊಳೆದೋರ ಕೈ. ತೊಳೆದಿದ್ದು ಯಾರಮ್ಮಾ?"

ವರಲಕ್ಷ್ಮಮ್ಮನ ಮುಖ ಬಿಳಿಚಿಕೊಂಡಿತು.

"ನಾನೇ ಕಣಪ್ಪ. ಹೋದ್ವರ್ಷ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕೋವಾಗ ಕೆಂಜಿಗ ಕಚ್ಚಿ ನಮ್ ಪದ್ಮನ ಕಾಲು ಊದ್ಕೊಂಡಿತ್ತು. ಬಳ್ಳಿ ಮೇಲಿಂದಾನೇ ಇಳೀತಿದ್ವು, ಅಲ್ಲಿಗೂ ಹಾಕ್ದೆ. ಹುಳಕ್ಕೂ ತಾಗುತ್ತೆ ಅಂತ ಹೊಳೀಲೇ ಇಲ್ವಲ್ಲೋ..."

ಬೇಸಿಗೆಯಿಡೀ ಕೊಡ ಹೊತ್ತು ಆ ಬಳ್ಳಿಗೆ ನೀರು ಹಾಕಿದವರೂ ಅವರೇ.

"ಅತ್ತೇ, ಸೋಮವಾರ ಅವ್ರಿಗೆ ಏನ್ ತೋರಿಸ್ಲಿ?" ಪದ್ಮಶ್ರೀ ಕೇಳಿದರು.

ವರಲಕ್ಷ್ಮಮ್ಮ ಸೆರಗಿನ ತುದಿಯಿಂದ ಒಂದೊಂದೇ ಎಲೆ ಒರೆಸತೊಡಗಿದರು. ಸತೀಶನೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗನ್ನಿಸಿತು.