ಗಾಳಿಬೈಲಿನ ನೀರ್ನುಡಿ

ತೊರೆವೂರಿನ ರಾಜಬೀದಿಯಲ್ಲಿ ಅಂದು ಬೆಳಗಿನಿಂದಲೇ ಪನ್ನೀರು ಚಿಮುಕಿಸುತ್ತಿದ್ದರು. ಮೂಡಣದ ಹೆಬ್ಬಾಗಿಲಿನಿಂದ ಅರಮನೆಯವರೆಗೆ ಎರಡು ಸಾಲು ಮಾಳಿಗೆಮನೆಗಳು, ಮಾಳಿಗೆಗಳ ಮೇಲೆ ಪಟಪಟಿಸುವ ಪತಾಕೆಗಳು, ಹೂವಾಡಿಗರ ಮುಂದೆ ಸುರಗಿ ಸಂಪಿಗೆಗಳ ರಾಶಿ, ಮುತ್ತು ಮಾರುವವರು, ಗಂಧ ತೇಯುವವರು, ಇವರೆಲ್ಲರ ನಡುವೆ ದಾರಿ ಬಿಡಿಸುತ್ತ ಕೂಗುವ ಬೆತ್ತದವರು. ಇಷ್ಟೆಲ್ಲ ವೈಭವದ ಮಗ್ಗುಲಲ್ಲೇ ಕೋಟೆಯ ಕಂದಕವಿತ್ತು. ಅರಮನೆಯ ಅಡಿಗೆಯ ಎಂಜಲು, ಲಾಯದ ಗಂಜಲ, ಇಡೀ ಊರಿನ ಕೊಳೆ ಅಲ್ಲಿಗೇ ಬಂದು ಬಿದ್ದು, ಹಸಿರು ಕೆನೆಗಟ್ಟಿ ಗಬ್ಬೆಂದು ನಾರುತ್ತಿತ್ತು. ಪನ್ನೀರು ಚಿಮುಕಿಸುತ್ತಿದ್ದುದು ಆ ನಾತವನ್ನು ಮುಚ್ಚಲು. ಕಂದಕವನ್ನು ತೊಳೆಸೋಣವೆಂದು ಯಾವ ಅರಸನಿಗೂ ತೋಚಲಿಲ್ಲ. ತೊರೆವೂರಿನ ರಾಜಕಾರಣವೂ ಇದೇ ಬಗೆಯದು. ಅದರ ಕತೆ ಹೇಳಹೊರಟರೆ ನನಗೂ ಮೂಗು ಮುಚ್ಚಿಕೊಳ್ಳಬೇಕೆನಿಸುತ್ತದೆ.

ಆ ದಿನದ ಸಂಭ್ರಮಕ್ಕೆ ಕಾರಣ ಒಂದು ಆನೆ. ಘಟ್ಟದ ಕೆಳಗಿನ ಕಡಲಮೊಗರು ಸೀಮೆಯ ಒಡೆಯನು ಸಿಂಹಳದಿಂದ ಹಡಗಿನಲ್ಲಿ ತರಿಸಿದ ಆನೆಗಳಲ್ಲಿ ಅತ್ಯುತ್ತಮವಾದೊಂದನ್ನು ತೊರೆವೂರಿನ ಬೀರರಸನಿಗೆ ಕಾಣಿಕೆಯಾಗಿ ಕಳುಹಿಸಿದ್ದನು. ಹಿಂಡಿಗೆ ಹಿಂಡೇ ಹಿಂದೆ ಬರಲಿದೆಯೆಂದು ಸುದ್ದಿಯಿತ್ತು. ಬೀರರಸನಿಗೆ ಆನೆಯೆಂದರೆ ಪ್ರಾಣ. ಪ್ರಜೆಗಳ ಹೆಸರು ಮರೆತಾನು, ಸ್ವಂತ ಮಕ್ಕಳ ಹೆಸರನ್ನೂ ಒಮ್ಮೊಮ್ಮೆ ಮರೆಯುತ್ತಿದ್ದನು, ಆದರೆ ಗಜಶಾಲೆಯ ಒಂದೊಂದು ಆನೆಯ ಹುಟ್ಟಿದ ನಕ್ಷತ್ರವೂ ಅವನಿಗೆ ಬಾಯಿಪಾಠ.

ಆನೆಯ ಮೆರವಣಿಗೆಗೆ ದಾರಿ ಬಿಟ್ಟು ಬೀದಿಯ ಬದಿಗೆ ಸರಿದು ನಿಂತವರಲ್ಲಿ ಕೇತಮಲ್ಲ ಹೆಗ್ಗಡೆಯೂ ಒಬ್ಬನು. ಪಡುವಣ ಘಟ್ಟದ ಗಡಿಸೀಮೆಯ ಆಡಳಿತ ಅವನದು. ಕಣಿವೆಯ ಕಾವಲು, ಹಳ್ಳಿಗಳ ನ್ಯಾಯ, ತೆರಿಗೆ, ಎಲ್ಲಕ್ಕೂ ಅರಸನ ಪರವಾಗಿ ಅವನೇ ಹೊಣೆ. ಅವನ ತಂದೆ ಈ ಅರಸನ ತಂದೆಗಾಗಿ ಅದೇ ಕಣಿವೆಯಲ್ಲಿ ಹೋರಾಡಿ ಮಡಿದಿದ್ದನು. ಹೆಗ್ಗಡೆ ಮಿತಭಾಷಿ, ಮೊಂಡ, ತನ್ನ ಅರಸನನ್ನು ಯಾರಾದರೂ ಹಗುರವಾಗಿ ಆಡಿದರೆ ಎದ್ದುಹೋಗುವಂಥವನು. ಮಹಾಪ್ರಧಾನ ನಾಕಿಮಯ್ಯನು ಹೇಳಿಕಳಿಸಿದ್ದರಿಂದ ಬೆಟ್ಟ ಇಳಿದು ಬಂದಿದ್ದನು.

ನಾಕಿಮಯ್ಯನೆಂದರೆ ಬೆಣ್ಣೆಯಂಥ ಮಾತು, ಬೆಣ್ಣೆಯಂಥ ಕೈ. ಹೆಗ್ಗಡೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು, ತಾಂಬೂಲ ಕೊಟ್ಟು, ಮನೆಯವರ ಯೋಗಕ್ಷೇಮ ವಿಚಾರಿಸಿ, ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದನು. ಗಾಳಿಬೈಲು ತನ್ನದೆಂದು ಕಡಲಮೊಗರಿನ ಒಡೆಯನು ತಕರಾರು ತೆಗೆದಿದ್ದಾನೆ. ಬರುವ ಹುಣ್ಣಿಮೆಗೆ ಎರಡೂ ಕಡೆಯವರ ಮುಂದೆ ನೀರ್ನುಡಿ ನಡೆಯಬೇಕೆಂದು ತೀರ್ಮಾನವಾಗಿದೆ ಎಂದನು.

ನೀರ್ನುಡಿಯೆಂದರೆ ಆ ಬೆಟ್ಟಗಳ ಹಳೆಯ ಪದ್ಧತಿ. ಎತ್ತರದ ನೆಲ ಯಾರದೆಂಬ ವ್ಯಾಜ್ಯ ಹುಟ್ಟಿದಾಗ ಆ ನೆಲದ ನೆತ್ತಿಯಲ್ಲಿರುವ ಬಂಡೆಯ ಮೇಲೆ ಒಂದು ಕೊಡ ನೀರೆರೆಯುತ್ತಾರೆ. ನೀರು ಮೂಡಣಕ್ಕೆ ಹರಿದರೆ ನೆಲ ಮೇಲಿನವರದು, ಪಡುವಣಕ್ಕೆ ಹರಿದರೆ ಕೆಳಗಿನವರದು. ಎರೆಯಬೇಕಾದವನು ಗಡಿಯ ಹೆಗ್ಗಡೆ. ಎರೆಯುವ ಮುನ್ನ ಅವನು "ಈ ಕಲ್ಲನ್ನು ಮನುಷ್ಯರ ಕೈ ಮುಟ್ಟಿಲ್ಲ" ಎಂದು ಆಣೆಯಿಡಬೇಕು. ನೀರು ಹೇಳಿದ್ದು ದೇವಿಯ ತೀರ್ಪು, ಅದನ್ನು ಅರಸರೂ ಮೀರುವ ಹಾಗಿಲ್ಲ. ಗಾಳಿಬೈಲಿನ ಬಂಡೆ ಮೂಡಣಕ್ಕೆ ವಾಲಿದೆಯೆಂಬುದು ದನ ಕಾಯುವವರಿಗೆಲ್ಲ ತಿಳಿದಿತ್ತು. ಹಾಗಾದರೆ ಭಯವೇನು ಎಂದು ಹೆಗ್ಗಡೆ ಕೇಳಿದನು.

"ಭಯವಿಲ್ಲ, ಹೆಗ್ಗಡೆಯವರೇ. ನೀರು ಪಡುವಣಕ್ಕೆ ಹರಿಯುತ್ತದೆ. ಹರಿದಾಗ ತಾವು ಬೆಚ್ಚಿಬೀಳದಿದ್ದರೆ ಸಾಕು," ಎಂದನು ಪ್ರಧಾನ.

ಬಂಡೆಯ ಬಳಿಯ ದೇವಿಯ ಗುಡಿಗೆ ಜೀರ್ಣೋದ್ಧಾರವೆಂದು ಸುತ್ತಲೂ ತಟ್ಟಿ ಕಟ್ಟಿಸಿದ್ದು ಹೆಗ್ಗಡೆಗೆ ಆಗ ನೆನಪಾಯಿತು. ಗುಡಿಯ ಕೆಲಸ ನಡೆಯುವಾಗ ಊರವರು ಅತ್ತ ಕಣ್ಣು ಹಾಯಿಸಬಾರದೆಂಬ ಕಟ್ಟಳೆ. ಆ ಭಕ್ತಿಯ ಮರೆಯಲ್ಲಿ ನಾಕಿಮಯ್ಯನ ಕಲ್ಲುಕುಟಿಗರು ಬಂಡೆಯ ವಾಟವನ್ನೇ ತಿರುಗಿಸಿಬಿಟ್ಟಿದ್ದರು. ಹೆಗ್ಗಡೆ ಸುಮ್ಮನೆ ಆಣೆಯಿಟ್ಟು ನೀರೆರೆದರಾಯಿತು; ರಾಜಧಾನಿಯಲ್ಲಿ ಅವನಿಗೊಂದು ಮಾಳಿಗೆಮನೆ, ದೊಡ್ಡ ಪದವಿ ಕಾದಿದೆಯೆಂದು ಪ್ರಧಾನನು ಹಲ್ಲುಕಿರಿದನು. ವೀಳ್ಯದ ರಸ ಅವನ ತುಟಿಯಂಚಿನಿಂದ ಇಳಿಯುತ್ತಿತ್ತು.

ಹೆಗ್ಗಡೆ ತಾಂಬೂಲವನ್ನು ಅಲ್ಲೇ ಇಟ್ಟು ಎದ್ದನು. ಗಾಳಿಬೈಲೆಂದರೆ ಬರಿಯ ಹುಲ್ಲುಗಾವಲಲ್ಲ, ಅದರ ಅಂಚಿನಲ್ಲಿ ಮೂರು ಹಳ್ಳಿಗಳಿದ್ದವು. ಕಡಲಮೊಗರಿನವರ ಕೈಗೆ ಸಿಕ್ಕಿದ ಬೆಟ್ಟದ ಜನರ ಗತಿಯೇನೆಂಬುದನ್ನು ಅವನು ಕಣ್ಣಾರೆ ಕಂಡಿದ್ದನು: ಗಂಡಸರು ಹೆಂಗಸರೆನ್ನದೆ ಉಪ್ಪಿನ ಮೂಟೆ ಹೊತ್ತು ಘಟ್ಟ ಹತ್ತುವ ಬಿಟ್ಟಿ ಚಾಕರಿ, ಹೆಗಲ ಮೇಲೆ ಮಾಯದ ಹುಣ್ಣು, ಉಪ್ಪು ತಾಗಿ ಉರಿಯುವ ಹುಣ್ಣಿಗೆ ಮುತ್ತುವ ನೊಣ. ಪ್ರಧಾನನು ದ್ರೋಹಿಯಾದನೆಂದುಕೊಂಡು, ಅರಸನಿಗೆ ತಿಳಿಸಲು ಹೆಗ್ಗಡೆ ಅಲ್ಲಿಂದ ನೇರವಾಗಿ ಅರಮನೆಗೆ ನಡೆದನು. ಪಾಪ, ಅರಸನಿಗೆ ಗೊತ್ತಿಲ್ಲವೆಂದು ಅವನು ನಂಬಿದ್ದನು.

ಬೀರರಸನು ಗಜಶಾಲೆಯಲ್ಲಿದ್ದನು. ಹೊಸ ಆನೆಯ ಬಾಯಿಗೆ ಸ್ವತಃ ಬೆಲ್ಲದುಂಡೆ ಇಡುತ್ತ, ಮೊಣಕೈವರೆಗೆ ಅದರ ಜೊಲ್ಲು ಸುರಿದಿದ್ದರೂ ಒರೆಸಿಕೊಳ್ಳದೆ, ಮಗುವಿನಂತೆ ನಗುತ್ತಿದ್ದನು. ಹೆಗ್ಗಡೆ ಕೈಮುಗಿದು ಮಾತು ತೆಗೆದನು. ಗಾಳಿಬೈಲು ಎಂಬ ಹೆಸರು ಕೇಳಿದ್ದೇ ಅರಸನ ನಗು ಇಂಗಿಹೋಯಿತು.

"ಮಹಾಪ್ರಭು, ಪ್ರಧಾನರು ಆ ಬಂಡೆಯನ್ನು..."

"ಹೇಳಬೇಡ, ಹೆಗ್ಗಡೆ," ಎಂದನು ಅರಸ, ಆನೆಯ ಸೊಂಡಿಲನ್ನು ಸವರುತ್ತಲೇ. "ನೀನು ಹೇಳಿದರೆ ನನಗೆ ಗೊತ್ತಾಗಿಬಿಡುತ್ತದೆ. ಗೊತ್ತಾದರೆ ನಾನು ಏನಾದರೂ ಮಾಡಬೇಕಾಗುತ್ತದೆ. ನೀನು ನನ್ನ ಮನೆಯ ಉಪ್ಪುಂಡವನು, ನನ್ನನ್ನು ಆ ಸಂಕಟಕ್ಕೆ ಸಿಕ್ಕಿಸಬೇಡ."

ಥೂ! ಪಟ್ಟವೇರುವಾಗ ಒಂದು ಹಿಡಿ ಮಣ್ಣನ್ನೂ ಬಿಟ್ಟುಕೊಡೆನೆಂದು ಸಾಮಂತರ ಮುಂದೆ ಪ್ರತಿಜ್ಞೆ ಮಾಡಿದ ಬಾಯಿ ಅದು. ತಾನಾಗಿ ಕೊಟ್ಟರೆ ಸಾಮಂತರು ತಿರುಗಿಬೀಳುತ್ತಾರೆ. ದೇವಿಯೇ ಕೊಟ್ಟರೆ ಯಾರ ಬಾಯಿಯೂ ಏಳುವುದಿಲ್ಲ. ಮೂರು ಹಳ್ಳಿಗಳ ಜನರನ್ನು ಕೊಟ್ಟು ಒಂದು ಹಿಂಡು ಆನೆ ತೆಗೆದುಕೊಳ್ಳುವ ವ್ಯಾಪಾರಕ್ಕೆ ಅರಸನು ದೇವಿಯ ಕೈಯಲ್ಲಿ ತಕ್ಕಡಿ ಹಿಡಿಸಿದ್ದನು. ಹೆಗ್ಗಡೆ ಅಡ್ಡಬಿದ್ದು ಎದ್ದನು. ಹೊರಗೆ ಬಂದು ಕಂದಕದ ಅಂಚಿನಲ್ಲಿ ಕುಳಿತು ವಾಂತಿ ಮಾಡಿಕೊಂಡನು.

ಗಾಳಿಬೈಲಿಗೆ ಹಿಂತಿರುಗಿದವನೇ ಅವನು ಮೊದಲು ಬಂಡೆಯ ಬಳಿಗೆ ಹೋದನು. ತಟ್ಟಿ ಬಿಚ್ಚಿದ್ದರು. ಉಳಿಯ ಹೊಸ ಗುರುತುಗಳು ಹಳೆಯದಾಗಿ ಕಾಣಲೆಂದು ಕಲ್ಲಿಗೆಲ್ಲ ಸಗಣಿ ಮತ್ತು ಹುಳಿ ಮೊಸರು ಬಳಿದಿದ್ದರು. ಹೊಸಗಲ್ಲಿಗೆ ಬೇಗ ಪಾಚಿ ಹಿಡಿಸುವ ಉಪಾಯ ಅದು. ದೇವಿಯ ಸನ್ನಿಧಿ ಕೊಳೆತ ಮೊಸರಿನ ವಾಸನೆಯಿಂದ ಗಬ್ಬು ನಾರುತ್ತಿತ್ತು, ಕಾಲಿಟ್ಟರೆ ನೊಣಗಳು ಗುಂಯ್ಯೆಂದು ಏಳುತ್ತಿದ್ದವು. ಇದು ದೇವಿಗೆ ಎರೆದ ಅಭಿಷೇಕದ ವಾಸನೆಯೆಂದು ಊರವರು ಬಂದು ಬಂಡೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು.

ಮನೆಗೆ ಬಂದು ಹೆಂಡತಿ ಬಾಚಲೆಗೆ ಎಲ್ಲವನ್ನೂ ಹೇಳಿದನು. ಬಾಚಲೆ ಆ ಬೆಟ್ಟದ ಮಗಳು. ಅವಳ ತವರು ಆ ಮೂರು ಹಳ್ಳಿಗಳಲ್ಲೊಂದು. ಜನರ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿಬಿಡಿ, ಆ ಹೊಲಸನ್ನು ನೀವೇಕೆ ಹೊರುತ್ತೀರಿ ಎಂದು ಅವಳು ಪಟ್ಟುಹಿಡಿದಳು. ಹೇಳಿದರೆ ಸಾಮಂತರು ಅರಸನನ್ನು ಕಿತ್ತೆಸೆಯುತ್ತಾರೆ. ಸಿಂಹಾಸನಕ್ಕಾಗಿ ಇವರಿವರೇ ಕಚ್ಚಾಡುವಾಗ ಕೆಳಗಿನವರು ಘಟ್ಟ ಹತ್ತಿ ಬರಲು ಯಾವ ನೀರ್ನುಡಿಯೂ ಬೇಕಾಗಿಲ್ಲ ಎಂದು ಅವನು ಉತ್ತರ ಕೊಟ್ಟನು. ಹಾಗಾದರೆ ಹೆಗ್ಗಡೆತನ ಬಿಟ್ಟುಬಿಡಿ ಎಂದಳು. ಬಿಟ್ಟರೆ ಮರುದಿನವೇ ಹೊಸ ಹೆಗ್ಗಡೆ ಬರುತ್ತಾನೆ, ನಾಲಗೆ ತೊದಲದೆ ಆಣೆಯಿಡುತ್ತಾನೆ ಎಂದನು.

ಉಳಿದದ್ದು ಒಂದೇ ದಾರಿ. ಅದು ಯಾವುದೆಂದು ಇಬ್ಬರಿಗೂ ಗೊತ್ತಿತ್ತು. ನೀರ್ನುಡಿಗೆ ನಿಂತ ಹೆಗ್ಗಡೆ ಆಣೆಯಿಡಲಾರದೆ ಹೋದರೆ ಆ ನೀರನ್ನು ತನ್ನ ತಲೆಯ ಮೇಲೇ ಸುರಿದುಕೊಳ್ಳಬಹುದು. ಅದಕ್ಕೆ ಮೈನೀರು ಎನ್ನುತ್ತಿದ್ದರು. ಸುರಿದುಕೊಂಡವನು ಕಾರಣ ಹೇಳಬೇಕಾಗಿಲ್ಲ, ಯಾರೂ ಕೇಳಬಾರದು. ಆದರೆ ಅವನು ಅದೇ ಬಂಡೆಯ ಮೇಲೆ ಅನ್ನನೀರು ಬಿಟ್ಟು ಕುಳಿತು ಸಾಯಬೇಕು. ಅವನನ್ನು ಹೂಳಿದ ನೆಲದ ಗಡಿ ಇದ್ದಲ್ಲೇ ನಿಲ್ಲುತ್ತದೆ, ಅದನ್ನು ಮತ್ತೆಂದೂ ಯಾರೂ ಪ್ರಶ್ನಿಸುವ ಹಾಗಿಲ್ಲ.

"ಆ ಹೇಸಿಗೆಯವರ ಮಾನ ಉಳಿಸುವುದಕ್ಕೆ ನೀವು ಸಾಯಬೇಕೇ?" ಎಂದಳು ಬಾಚಲೆ ಕೊನೆಗೆ. "ನಿಮಗೆ ಅಸಹ್ಯವಾಗುವುದಿಲ್ಲವೇ?"

"ಆಗುತ್ತದೆ. ರಾಜಧಾನಿಯಿಂದ ಬಂದ ಮೇಲೆ ಗಂಟಲಲ್ಲಿ ತುತ್ತು ಇಳಿಯುತ್ತಿಲ್ಲ, ಬಾಚಲೆ. ಊಟ ಬಿಡುವುದು ಅಷ್ಟೇನೂ ಕಷ್ಟವಾಗಲಾರದು."

ಅವಳು ಅತ್ತಳು, ಅವನನ್ನು ಬೈದಳು, ಅವನ ನಿಷ್ಠೆಯನ್ನು ಬೈದಳು, ಅವನನ್ನು ಹೀಗೆ ಬೆಳೆಸಿದ ಅತ್ತೆಮಾವಂದಿರನ್ನೂ ಬೈದಳು. ತಡೆಯಲು ಮಾತ್ರ ಹೋಗಲಿಲ್ಲ, ಏಕೆಂದರೆ ಆ ಹಳ್ಳಿಗಳಲ್ಲಿ ಅವಳ ತಮ್ಮಂದಿರಿದ್ದರು.

ಹುಣ್ಣಿಮೆಯ ದಿನ ಬಿಸಿಲೇರುವ ಹೊತ್ತಿಗೆ ಗಾಳಿಬೈಲು ಜನರಿಂದ ತುಂಬಿಹೋಯಿತು. ಒಂದು ಕಡೆ ಕಡಲಮೊಗರಿನ ದಂಡು, ಇನ್ನೊಂದು ಕಡೆ ಸಾಮಂತರ ನಡುವೆ ಪಲ್ಲಕ್ಕಿಯಲ್ಲಿ ಬೀರರಸ, ದೂರದಲ್ಲಿ ಕಂಬಳಿ ಹೊದ್ದ ಮೂರು ಹಳ್ಳಿಗಳ ಜನ. ಕೆಳಗಿನವರು ಆಗಲೇ ಮೂಟೆ ಹೊರುವ ಹಗ್ಗಗಳನ್ನು ತಂದಿದ್ದರು. ಅಷ್ಟು ಖಾತರಿಯಿತ್ತು ಅವರಿಗೆ. ಆ ಹಗ್ಗಗಳನ್ನು ಅರಸನೂ ನೋಡಿದನು, ನೋಡಿ ಮುಖವನ್ನು ಅತ್ತ ತಿರುಗಿಸಿಕೊಂಡನು. ನಾಕಿಮಯ್ಯನೇ ಕೈಯಾರೆ ಕೊಡವನ್ನು ತಂದು ಹೆಗ್ಗಡೆಗೆ ಕೊಟ್ಟನು.

ಹೆಗ್ಗಡೆ ಬಂಡೆಯೇರಿ ನಿಂತನು. ಆಣೆಯ ಮಾತಿಗಾಗಿ ಎಲ್ಲರೂ ಕಿವಿಗೊಟ್ಟು ನಿಂತರು. ಅವನು ಅರಸನನ್ನು ನೋಡಿದನು. ಈಗಲಾದರೂ, ಒಂದು ಸನ್ನೆಯಿಂದಲಾದರೂ ಅರಸನು ಇದನ್ನು ನಿಲ್ಲಿಸಿಯಾನೆಂಬ ಆಸೆ ಅವನಿಗೆ ಆ ಗಳಿಗೆಯವರೆಗೂ ಇತ್ತು. ಬೀರರಸನು ಉತ್ತರೀಯದ ಅಂಚನ್ನು ಮಡಿಸುತ್ತ ಬಿಚ್ಚುತ್ತ ಕುಳಿತಿದ್ದನು. ಹೆಗ್ಗಡೆ ಕೊಡವನ್ನು ಎರಡೂ ಕೈಗಳಿಂದ ಎತ್ತಿ ತನ್ನ ತಲೆಯ ಮೇಲೆ ಸುರಿದುಕೊಂಡು, ಒದ್ದೆ ಮೈಯಲ್ಲೇ ಬಂಡೆಯ ಮೇಲೆ ಕುಳಿತುಬಿಟ್ಟನು.

ಹಳ್ಳಿಯ ಮುದುಕರು ಮೊದಲು ಅರ್ಥಮಾಡಿಕೊಂಡು ಅಡ್ಡಬಿದ್ದರು, ಅವರನ್ನು ನೋಡಿ ಉಳಿದವರು. ಕಡಲಮೊಗರಿನ ದಳಪತಿ ತುಟಿ ಕಚ್ಚಿದನು; ಪದ್ಧತಿಯನ್ನು ಮೀರಿದರೆ ಅವನ ಕಡೆಯ ಬೆಟ್ಟದವರೇ ಅವನನ್ನು ಬಿಡುತ್ತಿರಲಿಲ್ಲ, ಹೀಗಾಗಿ ಪಾದರಕ್ಷೆ ಕಳಚಿ ಕೈಮುಗಿದು ದಂಡನ್ನು ಇಳಿಸಿಕೊಂಡು ಹೋದನು. ಸಾಮಂತರೆಲ್ಲ ಕಣ್ಣೀರು ಒರೆಸಿಕೊಳ್ಳುತ್ತಿದ್ದುದರಿಂದ ಅರಸನೂ ಒರೆಸಿಕೊಳ್ಳಬೇಕಾಯಿತು. ಅವನು ನಿಜವಾಗಿಯೇ ಅತ್ತನು. ಆನೆಯನ್ನು ಹಿಂದಕ್ಕೆ ಕಳುಹಿಸಬೇಕಲ್ಲವೇ!

ಸಂಜೆಯ ಚಳಿಗೆ ಹೆದರಿ ಆಸ್ಥಾನವೆಲ್ಲ ಇಳಿದುಹೋಯಿತು. ಹೆಗ್ಗಡೆ ಕುಳಿತೇ ಇದ್ದನು. ಹಗಲು ಬಿಸಿಲು, ಇರುಳು ಮಂಜು. ಹಳ್ಳಿಯ ಹೆಂಗಸರು ಸರದಿಯಲ್ಲಿ ಬಂದು ದೂರದಲ್ಲಿ ಕುಳಿತು ಹಾಡಿದರು. ಬಾಚಲೆ ಬಂಡೆಯ ಮಗ್ಗುಲು ಬಿಡಲಿಲ್ಲ, ತಾನು ಒಂದು ಗುಟುಕು ನೀರು ಕುಡಿಯುವಾಗ ಮಾತ್ರ ಅವನಿಗೆ ಬೆನ್ನು ತಿರುಗಿಸುತ್ತಿದ್ದಳು. ಅವನು ಯಾರ ಹೆಸರನ್ನೂ ಎತ್ತಲಿಲ್ಲ, ಯಾರನ್ನೂ ದೂರಲಿಲ್ಲ. ಒಂದು ಮುಂಜಾನೆ ಅವಳು ಮುಟ್ಟಿ ನೋಡಿದಾಗ ಮೈ ತಣ್ಣಗಾಗಿತ್ತು.

ಮಣ್ಣು ಮಾಡುವ ದಿನಕ್ಕೆ ಸರಿಯಾಗಿ ನಾಕಿಮಯ್ಯನು ಪಲ್ಲಕ್ಕಿಯಲ್ಲಿ ಬಂದನು. ಅರಸನು ಕೊಟ್ಟ ಜರತಾರಿ ಹೊದಿಕೆ, ಸೀಮಾರಕ್ಷಾಮಣಿ ಎಂಬ ಬಿರುದು, ಎಲ್ಲವನ್ನೂ ತಂದಿದ್ದನು. ಅರಸನ ಆಜ್ಞೆಯಂತೆಯೇ ಹೆಗ್ಗಡೆ ದೇಹತ್ಯಾಗ ಮಾಡಿದನೆಂದು ಆ ಬೆಣ್ಣೆಯ ದನಿಯಲ್ಲಿ ಊರವರಿಗೆಲ್ಲ ಸಾರಿದನು. ಕೆಲವರು ಅರಸನಿಗೆ ಜಯಕಾರ ಹಾಕಿದರು. ಇದಕ್ಕಿಂತ ಅಸಹ್ಯವಾದದ್ದನ್ನು ಆ ಬೆಟ್ಟ ಹಿಂದೆಂದೂ ಕಂಡಿರಲಿಲ್ಲ.

ಬಾಚಲೆ ಪ್ರಧಾನನನ್ನು ಪಕ್ಕಕ್ಕೆ ಕರೆದಳು. ಅಳುತ್ತಿರಲಿಲ್ಲ.

"ಪ್ರಧಾನರೇ, ಅರಸರ ಉಪ್ಪುಂಡವರು ನನ್ನ ಯಜಮಾನರು. ಆ ಋಣಕ್ಕೆ ಬಾಯಿ ಕಟ್ಟಿಕೊಂಡು ಹೋದರು. ನನಗೆ ಆ ಋಣವಿಲ್ಲ. ಆ ಕಲ್ಲನ್ನು ಯಾರು ಕಡಿದರೆಂದು ನನಗೆ ಗೊತ್ತು, ಸಾಮಂತರ ಮನೆಗಳ ದಾರಿಯೂ ಗೊತ್ತು."

ಯಾರಾದರೂ ಕೇಳಿಸಿಕೊಂಡರೇನೋ ಎಂದು ನಾಕಿಮಯ್ಯನು ಸುತ್ತ ನೋಡಿದನು. ನಿನಗೇನು ಬೇಕು ತಾಯಿ ಎಂದು ಕೇಳಿದನು.

ಅವಳು ತನಗೆಂದು ಏನನ್ನೂ ಕೇಳಲಿಲ್ಲ. ಗಾಳಿಬೈಲಿನ ಮೇಲೆ ಇನ್ನು ಅರಸನ ಅಧಿಕಾರಿಗಳು ಕಾಲಿಡಬಾರದು. ತೆರಿಗೆಯನ್ನು ಹಳ್ಳಿಗಳೇ ಸೇರಿ ಎತ್ತಿ ಕಣಿವೆಯ ಬಾಯಿಗೆ ತಂದು ಕೊಡುತ್ತವೆ. ನ್ಯಾಯ, ಕಾವಲು, ಹೆಗ್ಗಡೆಯ ಆಯ್ಕೆ, ಎಲ್ಲವೂ ಹಳ್ಳಿಗಳದೇ. ಇದನ್ನು ಈಗಲೇ, ಇಲ್ಲಿಯೇ, ಎಲ್ಲರಿಗೂ ಕೇಳುವಂತೆ ಅರಸನ ಹೆಸರಿನಲ್ಲಿ ಸಾರಬೇಕೆಂದಳು. ನಾಕಿಮಯ್ಯನು ಸಾರಿದನು. ಅದೇ ಬೆಣ್ಣೆಯ ದನಿ, ಸ್ವಲ್ಪ ನಡುಗುತ್ತಿತ್ತು ಅಷ್ಟೆ. ಅರಸನ ಔದಾರ್ಯವನ್ನು ಜನ ಕೊಂಡಾಡಿದರು. ಕೊಂಡಾಡಲಿ ಎಂದು ಬಾಚಲೆ ಬಿಟ್ಟಳು, ಜೀವಮಾನವಿಡೀ ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಳು. ತೊರೆವೂರಿನ ಅಧಿಕಾರ ಆ ದಿನದಿಂದ ಕಣಿವೆಯ ಬಾಯಿಗೇ ನಿಂತಿತು.

ಹೊದಿಕೆಯನ್ನು ಅವಳು ಮಡಿಕೆ ಬಿಚ್ಚದೆ ಹಿಂತಿರುಗಿಸಿದಳು. ಹೆಗ್ಗಡೆಯನ್ನು ಕಂಬಳಿಯಲ್ಲಿ ಸುತ್ತಿ ಬಂಡೆಯ ಬುಡದಲ್ಲಿ ಇಳಿಸಿದರು. ಮೊದಲ ಹಿಡಿ ಮಣ್ಣು ಹಾಕುವುದು ಅರಸನ ಕಡೆಯವರ ಹಕ್ಕು. ನಾಕಿಮಯ್ಯನು ಬಗ್ಗಿ ಮಣ್ಣು ತುಂಬಿಕೊಂಡು ಮುಂದೆ ಬಂದನು. ಬಾಚಲೆ ಅಡ್ಡ ನಿಂತಳು.

"ನಿಮ್ಮ ಕೈ ಬೇಡ," ಎಂದಳು.

ಅವನು ಮುಷ್ಟಿ ಬಿಚ್ಚಿದನು. ಅವಳ ತಮ್ಮಂದಿರು ಮುಂದೆ ಬಂದು ಗುಂಡಿ ಮುಚ್ಚಿದರು.