ಯಾವ ತಾರೀಖಿಗೆ ಬೇಕು?

ಥೂ, ಇವತ್ತೂ ಅದೇ ಕಥೆ! ಪರೀಕ್ಷೆಗೆಂದು ಜಾಮ್ ಬಾಟಲಿಯಲ್ಲಿ ಬೆಚ್ಚಗಿನ ಮೂತ್ರ ತಂದ ಅಜ್ಜಿಯೊಬ್ಬಳು ಅದನ್ನು ಬಿಲ್ಯಾನಾಳ ಕಾಫಿ ಕಪ್ಪಿನ ಪಕ್ಕಕ್ಕೇ ಇಟ್ಟು ಹೋಗಿದ್ದಳು. ಮುಚ್ಚಳವೂ ಸರಿಯಾಗಿ ಕೂತಿರಲಿಲ್ಲ.

ವಿದಿನ್ ಊರಿನ ಡಾಕ್ಟರ್ ಪೆಂಚೆವಾ ಅವರ ಕ್ಲಿನಿಕ್ಕಿನಲ್ಲಿ ಕೌಂಟರಿನಲ್ಲಿ ಕೂತು ಚೀಟಿ, ಸೀಲು, ಸರದಿ ಎಲ್ಲ ನೋಡಿಕೊಳ್ಳುವವಳು ಬಿಲ್ಯಾನಾಳೇ. ಜನ ಕೆಮ್ಮಿದ ಕೌಂಟರಿನ ಗಾಜನ್ನು ಅವಳು ಮೂಗು ಮುಚ್ಚಿಕೊಂಡು ಒರೆಸುತ್ತಿದ್ದಳು. ಅದಕ್ಕಿಂತ ಅಸಹ್ಯವೆಂದರೆ ಬೆಣ್ಣೆ ಹಚ್ಚುವ ಮಾತು. ದ್ರಾಕ್ಷಿ ಕೊಯ್ಲಿಗೆಂದು ಊರಿಗೆ ಹೋಗಿ ಬಂದವರಿಗೆಲ್ಲ ಹೋದ ವಾರದ ತಾರೀಖಿನ ಸಿಕ್ ಲೀವ್ ಬೇಕು. "ಬಂಗಾರ, ಎಷ್ಟು ಚೆಂದ ಕಾಣ್ತೀಯೇ!" ಎನ್ನುವರು. ಆಗಲ್ಲ ಅಂದರೆ ಅದೇ ಬಂಗಾರ ಮಾಟಗಾತಿ.

ಲಿಫ್ಟ್ ರಿಪೇರಿಯ ಲ್ಯುಬೆನ್ ತಿಂಗಳಿಗೊಮ್ಮೆ ಥೈರಾಯ್ಡ್ ಮಾತ್ರೆ ಚೀಟಿಗೆ ಬರುತ್ತಿದ್ದ. ಕೈತುಂಬ ಗ್ರೀಸು. ಆದರೂ ಅವನು ಬರುವ ದಿನ ಇವಳು ಎರಡು ಸಲ ಕನ್ನಡಿ ನೋಡಿಕೊಳ್ಳುತ್ತಿದ್ದಳು. ಮೇ ತಿಂಗಳಲ್ಲಿ ಅವನು ಗಾಜಿನ ಹತ್ತಿರ ಬಗ್ಗಿದ.

"ಕೋಪ ಬಂದ್ರೆ ನಿಮ್ಮ ಮೂಗಿನ ತುದಿ ಕೆಂಪಾಗುತ್ತೆ. ಅದನ್ನ ನೋಡೋಕೇ ನಾನು ಕ್ಯೂನಲ್ಲಿ ನಿಲ್ಲೋದು."

ಅವಳ ಎದೆ ಝಲ್ಲೆಂದಿತು. ಮರುಕ್ಷಣವೇ ಮೈಯೆಲ್ಲ ಉರಿಯಿತು. ಇವನೂ ಅಂಥವನೇ!

"ಯಾವ ತಾರೀಖಿಗೆ ಬೇಕು?"

"ಏನು?"

"ಸಿಕ್ ಲೀವ್. ಇಲ್ಲಿ ನನ್ನ ಹೊಗಳೋರಿಗೆಲ್ಲ ಒಂದು ತಾರೀಖು ಬೇಕಿರುತ್ತೆ."

ಅವನ ಮುಖ ಸಪ್ಪಗಾಯಿತು. ಚೀಟಿ ತೆಗೆದುಕೊಂಡು ಹೋದ.

ಅಲ್ಲಿ ಪ್ರತಿಯೊಬ್ಬರ ಹೆಸರೂ ಯಾರಾದರೂ ಒಬ್ಬ ಡಾಕ್ಟರ ಪಟ್ಟಿಯಲ್ಲಿರಬೇಕು; ಆ ಡಾಕ್ಟರನ್ನು ಬದಲಾಯಿಸಲು ಅವಕಾಶವಿರುವುದು ಜೂನ್ ಮತ್ತು ಡಿಸೆಂಬರಿನಲ್ಲಿ ಮಾತ್ರ. ಜೂನ್ ಬರುತ್ತಲೇ ಲ್ಯುಬೆನ್ ಬಂದ.

"ನಿಮ್ಮ ಕಡೆಯಿಂದ ನನ್ನ ಹೆಸರು ತೆಗೆದುಬಿಡಿ. ಡಾಕ್ಟರ್ ತೊನೆವ್ ಹತ್ರ ಹೋಗ್ತೀನಿ."

"ಸರಿ," ಎಂದಳು ಬಿಲ್ಯಾನಾ. ಅವನ ಹೆಸರು ತೆಗೆದು ಹಾಕುವಾಗ ಅವಳಿಗೆ ತನ್ನ ನಾಲಿಗೆಯ ಮೇಲೇ ಹೇಸಿಗೆಯಾಯಿತು. ಇಷ್ಟಪಟ್ಟ ಒಬ್ಬನನ್ನೂ ಉಗಿದು ಓಡಿಸಿದೆಯಲ್ಲೇ, ಮಹಾರಾಯಿತಿ!

ಸಂಜೆ ಬೀಗ ಹಾಕಿ ತಿರುಗಿದರೆ ಮೆಟ್ಟಿಲ ಕೆಳಗೆ ಅವನು ನಿಂತಿದ್ದ.

"ಇನ್ನೇನು ಬೇಕಿತ್ತು?"

"ಏನೂ ಬೇಡ. ಈಗ ನಿಮ್ಮಿಂದ ನಂಗೆ ಆಗಬೇಕಾದ ಕೆಲಸ ಒಂದೂ ಇಲ್ಲ. ಚೀಟಿ ಬೇಡ, ಸೀಲು ಬೇಡ. ಈಗ ಹೇಳಿದ್ರೆ ನಂಬ್ತೀರಾ?"

"ಏನಂತ?"

"ನೀವಂದ್ರೆ ನಂಗೆ ತುಂಬಾ ಇಷ್ಟ."

ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. "ಅಯ್ಯೋ ಪೆದ್ದ! ಅಷ್ಟಕ್ಕೆ ಆ ತೊನೆವ್ ಹತ್ರ ಹೋದ್ಯಾ? ಅಲ್ಲಿ ಪೇಷಂಟ್ ಕೂರೋ ಕುರ್ಚಿ ಮೇಲೆ ಬೆಕ್ಕು ಮಲಗುತ್ತೆ, ಛೀ! ಡಿಸೆಂಬರ್ ತನಕ ವಾಪಸ್ ಬರೋಕೂ ಆಗಲ್ಲ!"

"ಗೊತ್ತು. ಅದಕ್ಕೇ ಹೋಗಿದ್ದು."

ಅವನು ಕೈ ಚಾಚಿದ. ಉಗುರುಗಳಲ್ಲಿ ಕಪ್ಪು ಗ್ರೀಸು. ಬಿಲ್ಯಾನಾ ಮುಖ ಸಿಂಡರಿಸಿ, ಬ್ಯಾಗಿನಿಂದ ಸ್ಯಾನಿಟೈಸರ್ ತೆಗೆದು, ಆ ಅಂಗೈಗೆ ಸುರಿದು, ಬೆರಳು ಬೆರಳನ್ನೂ ಗಸಗಸ ಉಜ್ಜಿದಳು. ಸ್ಯಾನಿಟೈಸರ್ ಆರಿದ ಮೇಲೂ ಕೈ ಬಿಡಲಿಲ್ಲ.